ಮಂಗಳವಾರದ ಮಂಜುಗಡ್ಡೆ

ಹತ್ತೂ ಹತ್ತಕ್ಕೆ ಬಸ್ಸು ನಿಲ್ಲಿಸುತ್ತೇನೆ,
ಹನ್ನೊಂದಕ್ಕೆ ಮತ್ತೆ ಹೊರಡಬೇಕು.
ನಡುವಿನ ಐವತ್ತು ನಿಮಿಷ
ಕಂಪನಿಯ ಪುಸ್ತಕದಲ್ಲಿ ವಿಶ್ರಾಂತಿ.
ನಾನು ಫ್ಲಾಸ್ಕು ಹಿಡಿದು ರಸ್ತೆ ದಾಟಿ
ರಿಂಕಿನ ಹಿಂಬಾಗಿಲಿಂದ ಒಳಗೆ ಹೋಗುತ್ತೇನೆ.
ಬೀಗವಿಲ್ಲ, ಟಿಕೆಟ್ಟಿಲ್ಲ,
ಐದು ಸಾವಿರ ಖಾಲಿ ಕುರ್ಚಿಗಳಲ್ಲಿ
ಯಾವುದು ಬೇಕಾದರೂ ನನ್ನದು.
ಆದರೂ ಕೂರುವುದು ಅದೇ ಒಂದರಲ್ಲಿ,
ಗೋಲಿನ ಹಿಂದೆ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ.

ಹೊರಗೆ ಮೈನಸ್ ಹದಿನೆಂಟು.
ಒಳಗೂ ಚಳಿಯೇ, ಆದರೆ ಸಾಕಿದ ಚಳಿ,
ಹೇಳಿದ ಮಾತು ಕೇಳುವ ಚಳಿ.

ಟೋರ್ಸ್ತಿ ಯಂತ್ರ ಓಡಿಸಿ ಈಗಷ್ಟೇ ಇಳಿದಿದ್ದಾನೆ.
ಮಂಜುಗಡ್ಡೆ ಇನ್ನೂ ಒದ್ದೆ,
ಚಾವಣಿಯ ದೀಪಗಳು ಅದರೊಳಗೆ ತಲೆಕೆಳಗಾಗಿ ನಿಂತಿವೆ.
ಮೊದಲನೆಯವನು ಕಾಲಿಡುತ್ತಾನೆ.
ಚರ್ರ್.
ಹೊಸ ಬಟ್ಟೆಗೆ ಕತ್ತರಿ ಹಾಕಿದ ಸದ್ದು.
ಆಮೇಲೆ ಇಪ್ಪತ್ತೈದು ಕತ್ತರಿಗಳು.

ಪಂದ್ಯದಲ್ಲಿ ಇದೊಂದೂ ಕೇಳಿಸುವುದಿಲ್ಲವಂತೆ:
ಕೋಲಿಗೆ ಪಕ್ ತಾಗುವ ಟಪ್,
ಕಂಬಕ್ಕೆ ಬಡಿದರೆ ಠಣ್,
ಕೋಚಿನ ಸೀಟಿ, ಅದರ ಬೆನ್ನಿಗೇ ಬೈಗುಳ,
ಯಾರದೋ ಪೋಲಿ ಮಾತಿಗೆ ಯಾರೋ ಕೆಮ್ಮುತ್ತ ನಗುವುದು.
ಶನಿವಾರ ಎರಡು ಗೋಲು ಹೊಡೆದು ಪೇಪರಿನಲ್ಲಿ ಬಂದವನು
ಇಲ್ಲಿ ತನ್ನ ಕಾಲಿಗೆ ತಾನೇ ಎಡವಿ ಅಂಗಾತ ಬಿದ್ದ.
ಯಾರೂ ನೋಡಲಿಲ್ಲವೆಂದು ಸುತ್ತ ನೋಡಿ ಎದ್ದ.
ನಾನು ನೋಡಿದೆ. ಯಾರಿಗೂ ಹೇಳಿಲ್ಲ.

ಇದನ್ನೂ ಹೇಳಿಲ್ಲ:
ನಾಲ್ಕು ಚಳಿಗಾಲದಿಂದ ನಾನೊಂದು ಪಂದ್ಯವನ್ನೂ ಕಂಡಿಲ್ಲ.
ಪಂದ್ಯದ ಸಂಜೆ ನನಗೆ ಡ್ಯೂಟಿ.
ನೀಲಿ ಮಫ್ಲರುಗಳನ್ನು ತುಂಬಿಕೊಂಡು ಬಂದು, ಬಾಗಿಲಲ್ಲಿ ಸುರಿದು,
ಖಾಲಿ ಬಸ್ಸಿನಲ್ಲಿ ಸೇತುವೆ ದಾಟುತ್ತೇನೆ.
ಒಂಬತ್ತೂವರೆಗೆ ಅವರನ್ನೇ ಮತ್ತೆ ತುಂಬಿಕೊಳ್ಳುವಾಗ
ಯಾರು ಗೆದ್ದರೆಂದು ಕೇಳಬೇಕಾಗಿಲ್ಲ.
ಗೆದ್ದ ರಾತ್ರಿ ಹಿಂದಿನ ಬಾಗಿಲಿಂದಲೂ ಹತ್ತುತ್ತಾರೆ,
ಹಾಡುತ್ತಾರೆ, ಕಾರ್ಡು ತೋರಿಸಲು ಮರೆಯುತ್ತಾರೆ.
ಸೋತ ರಾತ್ರಿ ಸಾಲಾಗಿ ಬಂದು
ಒಬ್ಬೊಬ್ಬರೇ ಬೀಪ್ ಅನ್ನಿಸಿ
ಕಿಟಕಿಯಲ್ಲಿ ತಮ್ಮ ಮುಖ ತಾವೇ ನೋಡುತ್ತ ಕೂರುತ್ತಾರೆ.

ಹಾಗಾಗಿ ನನ್ನದು ಮಂಗಳವಾರದ ತಂಡ.
ನನ್ನ ಆಟಗಾರ ಆತೋಸ್ ವಿಲ್ಪೋಲ,
ಮೂರನೇ ಗೋಲ್‌ಕೀಪರ್.
ಮೊದಲನೆಯವನಿಗೆ ಜ್ವರ ಬಂದು, ಎರಡನೆಯವನ ಕಾಲು ಉಳುಕಿದರೆ
ಆಗ ನೆನಪಾಗುವವನು.
ಮೊದಲನೆಯವನಿಗೆ ನೆಗಡಿ ಕೂಡ ಆಗುವುದಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಉಳಿದವರು ನೀರು ಕುಡಿಯಲು ಹೋದ ಮೇಲೂ
ಇಬ್ಬರು ಹುಡುಗರು ಅವನೆದುರು ಉಳಿದು ಹೊಡೆಯುತ್ತಾರೆ.
ಅವನು ಕಾಲು ಚೆಲ್ಲಿ, ಮಂಡಿ ಮಡಿಸಿ,
ಎದೆ ಕೊಟ್ಟು, ಭುಜ ಕೊಟ್ಟು
ತಡೆಯುತ್ತಾನೆ. ಮತ್ತೆ. ಮತ್ತೆ.
ನಾನು ಎಣಿಸುತ್ತೇನೆ, ಮುಚ್ಚಳದಲ್ಲಿ ಕಾಫಿ ಆರುತ್ತದೆ.
ನಲವತ್ತು. ನಲವತ್ತೊಂದು.
ನಲವತ್ತೆರಡನೆಯದು ಒಳಗೆ ಹೋಯಿತು.
ಅವನು ಕೋಲಿನಿಂದ ಕಂಬಗಳನ್ನು ಮೆಲ್ಲಗೆ ತಟ್ಟುತ್ತಾನೆ,
ಎಡಕ್ಕೊಂದು, ಬಲಕ್ಕೊಂದು,
ಮಲಗಿದ ಮಕ್ಕಳ ಹೊದಿಕೆ ಸರಿಮಾಡುವವರ ಹಾಗೆ.

ಜನವರಿಯ ಕೊನೆಯ ಮಂಗಳವಾರ
ಆ ಗೋಲಿನಲ್ಲಿ ಬೇರೆ ಯಾರೋ ಇದ್ದ.
ಟೋರ್ಸ್ತಿಯನ್ನು ಕೇಳಿದೆ.
ಅವನ ಉತ್ತರ: ಉತ್ತರಕ್ಕೆ ಎತ್ತಿದ ಗದ್ದ.

ಹನ್ನೊಂದರ ಟ್ರಿಪ್ಪಿಗೆ ಕಾದಿದ್ದವನು ಒಬ್ಬನೇ.
ಆಳೆತ್ತರದ ಚೀಲ, ಎರಡು ಕೋಲು.
ಮುಖವಾಡವಿಲ್ಲದ ಮುಖ ನಾನು ಕಂಡದ್ದು ಅದೇ ಮೊದಲು.
ಗದ್ದದ ಮೇಲೆ ಇನ್ನೂ ಮೊಡವೆ.
"ಸ್ಟೇಷನ್," ಎಂದ.
ಎರಡು ಸಿಗ್ನಲ್ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ.
ನಮ್ಮ ಕಡೆ ಅದಕ್ಕೆ ಸಲಿಗೆ ಎನ್ನುತ್ತಾರೆ.
ಆಮೇಲೆ ಅವನೇ, ಕನ್ನಡಿಯಲ್ಲಿ ನನ್ನ ಕಣ್ಣು ಹಿಡಿದು:
"ಗಾಜಿನ ಹಿಂದೆ ಫ್ಲಾಸ್ಕು, ನೀವೇ ಅಲ್ಲವೆ?"
ಹೌದೆಂದೆ.
"ಪಂದ್ಯಕ್ಕೆ ಮಾತ್ರ ಒಂದು ದಿನವೂ ಬರಲಿಲ್ಲ."
"ನೀನೂ ಆಡಲಿಲ್ಲವಲ್ಲ."
ನಕ್ಕುಬಿಟ್ಟ. ನಾನೂ.

ರೊವಾನಿಯೆಮಿ ರೈಲು ತಡವಾಗಿತ್ತು.
ಚೀಲ ಮೆಟ್ಟಿಲ ಮೇಲೆ, ಅವನು ಚೀಲದ ಮೇಲೆ,
ಬಸ್ಸಿನ ಬಾಗಿಲು ತೆರೆದೇ ಇತ್ತು,
ಒಳಗಿನ ಬಿಸಿಯೆಲ್ಲ ಹೊರಗೆ ಹೋಗುತ್ತಿತ್ತು.
ಉಳಿದಿದ್ದ ಕಾಫಿಯನ್ನು ಒಂದೇ ಮುಚ್ಚಳದಲ್ಲಿ ಕುಡಿದೆವು.

ಅಂದು ನಾನು ಹದಿಮೂರು ನಿಮಿಷ ತಡ.
ಕಾರಣ ಬರೆಯುವ ಜಾಗದಲ್ಲಿ
ಹಿಮ, ಎಂದು ಬರೆದೆ.